ಸೊನ್ನೆ ಹತ್ರ

ಬೆಳಿಗ್ಗೆ ಮೊದಲ ಕೆಲಸ ವೇಬ್ರಿಡ್ಜ್ ಗುಡಿಸುವುದು.
ರಾತ್ರಿ ಉದುರಿದ ಮೆಕ್ಕೆಜೋಳ, ಒಂದು ಹರಿದ ಚಪ್ಪಲಿ,
ಯಾರೋ ತಿಂದೆಸೆದ ಮಂಡಕ್ಕಿ ಪೊಟ್ಟಣ.
ಎಲ್ಲ ತೆಗೆದ ಮೇಲೂ ಕೆಂಪಂಕಿ
ಇಪ್ಪತ್ತು ಕೆಜಿ ತೋರಿಸುತ್ತದೆ.
ಏನೂ ಇಲ್ಲದ್ದಕ್ಕೂ ಇಪ್ಪತ್ತು ಕೆಜಿ.
ಗುಂಡಿ ಒತ್ತಿ ಸೊನ್ನೆಗೆ ತರುತ್ತೇನೆ.
ದಾವಣಗೆರೆಯ ಈ ಮಾರ್ಕೆಟ್ಟಿನ ನ್ಯಾಯ
ಅಲ್ಲಿಂದ ಶುರು.

ಎರಡು ಲಾರಿಗಳ ನಡುವೆ
ಬಿಲ್ಲು ಹೊಡೆಯುವ ಅದೇ ಹಳೇ ಕಂಪ್ಯೂಟರಿನಲ್ಲಿ
‘ಗೆರೆ’ ತೆರೆಯುತ್ತೇನೆ.
ಸಮೀಕರಣ ಕೊಟ್ಟರೆ ನಕ್ಷೆ ಬಿಡಿಸುವ ಪ್ರೋಗ್ರಾಂ.
ಕಾಸಿಲ್ಲ, ಪಾಸ್‌ವರ್ಡಿಲ್ಲ, ಯಾರು ಬೇಕಾದರೂ ಒಯ್ಯಬಹುದು.
ಬರೆದವರು ಶಿವಯೋಗಪ್ಪ ಮೇಷ್ಟ್ರು.
ಕಣ್ಣಿಗೆ ಪೊರೆ ಬಂದ ವರ್ಷ
ಪೆನ್‌ಡ್ರೈವೊಂದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದು
“ನೋಡ್ಕೊಳ್ಳಪ್ಪ” ಅಂದರು,
ಪಕ್ಕದ ಮನೆಯಲ್ಲಿ ಹಸು ಕಟ್ಟಿ ಹೋಗುವವರ ಹಾಗೆ.
ನಾಲ್ಕು ಸಾವಿರ ಸಾಲು. ನಡುವೆ ಅವರದೇ ಟಿಪ್ಪಣಿ:
“ಇದು ಯಾಕೆ ನಡೀತದೆ ಗೊತ್ತಿಲ್ಲ. ಮುಟ್ಟಬೇಡಿ.”

ಮುಟ್ಟಬೇಕಾಯಿತು.
ಜಗಳೂರಿನಿಂದ ಮುಬೀನಾ ಫೋನು ಮಾಡಿದ್ದಳು,
ಪಿಯುಸಿ ಹುಡುಗಿ, ಅಳುಕಿಲ್ಲದ ದನಿ:
“ಒನ್ ಬೈ ಎಕ್ಸ್ ಹಾಕಿದೆ ಸರ್.
ಸೊನ್ನೆ ಹತ್ರ ಒಂದು ಗೋಡೆ ಎದ್ದೈತೆ, ನೆಟ್ಟಗೆ.
ಅದು ಐತೋ, ಇಲ್ಲೋ?”

ಕಿಟಕಿಯಾಚೆ ಹಳೇ ಹತ್ತಿ ಗಿರಣಿಯ ಚಿಮಣಿ.
ಹೊಗೆ ನಿಂತು ಎಷ್ಟೋ ವರ್ಷ, ಆದರೂ ಅದು ಇದೆ.
ಪರದೆಯ ಮೇಲಿನದು ಇಲ್ಲ.
ಪಾತಾಳಕ್ಕಿಳಿದ ಕೊನೆಯ ಚುಕ್ಕಿಗೂ
ಆಕಾಶದಿಂದ ಬರುವ ಮೊದಲ ಚುಕ್ಕಿಗೂ
ನಮ್ಮ ಗೆರೆ ಕಣ್ಣುಮುಚ್ಚಿ ಸಂಬಂಧ ಕುದುರಿಸಿತ್ತು.
ಚುಕ್ಕಿ ಕಂಡರೆ ಸೇರಿಸುವುದಷ್ಟೇ ಅದಕ್ಕೆ ಗೊತ್ತು,
ಹೊಸದಾಗಿ ರಂಗೋಲಿ ಹಿಡಿದ ಮಗುವಿನಂತೆ.
ಕೈ ಎತ್ತುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಸಾಲು ಸೇರಿಸಿದೆ: ಜಿಗಿತ ದೊಡ್ಡದಾದರೆ ಕೈ ಎತ್ತು.
ಗೋಡೆ ಹೋಯಿತು.
ಅವತ್ತು ಎರಡು ಮಿರ್ಚಿ ಹೆಚ್ಚು ತಿಂದೆ.

ಮೂರನೇ ದಿನ ಮತ್ತೆ ಫೋನು.
“ಸರ್, ಈಗ ಎಕ್ಸ್ ಪವರ್ ಸೆವೆನ್ ತುಂಡು ತುಂಡಾಗೈತೆ.”
ನಿಜ. ಕಡಿದಾಗಿ ಏರುತ್ತಿದ್ದ ಬಡಪಾಯಿಯನ್ನೂ
ಬಿರುಕೆಂದು ಬಗೆದು ಕತ್ತರಿಸಿದ್ದೆ.
ಏರು ಯಾವುದು, ಬಿರುಕು ಯಾವುದು,
ದೂರದಿಂದ ಎರಡೂ ಒಂದೇ.

ಹಮಾಲಿ ಹಾಲೇಶಿ ಧೂಳು ಕೊಡವುತ್ತ ಒಳಬಂದ.
“ಇದಕ್ಕೆ ಏನ್ ಕೊಡ್ತಾರೆ?”
“ಏನಿಲ್ಲ.”
“ಧರ್ಮಕ್ಕಾ?”
ಗೇಟಿನ ಬೇವಿನ ಕೆಳಗಿನ ಅರವಟ್ಟಿಗೆ ತೋರಿಸಿದೆ.
ದಿನಾ ಅದರ ಮಡಕೆ ತೊಳೆಯುವವನು ಅವನೇ.
ನೀರು ಧರ್ಮದ್ದು, ಸರಿ. ಪಾಚಿಗೆ ಅದು ಗೊತ್ತಿಲ್ಲ,
ಎರಡು ದಿನ ಬಿಟ್ಟರೆ ಕಟ್ಟಿಕೊಳ್ಳುತ್ತದೆ.
ಹಾಲೇಶಿ ಮತ್ತೇನೂ ಕೇಳಲಿಲ್ಲ.
ಬೀಡಿ ಆರುವವರೆಗೂ ಪರದೆ ನೋಡುತ್ತ ನಿಂತ.

ಸಂಜೆ ಒಬ್ಬ ಡ್ರೈವರ್ ತೂಕಕ್ಕೆ ತಕರಾರು ತೆಗೆದ.
ಅರ್ಧ ಚೀಲ ಇಳಿಸಿ ತೂಗಿದೆವು,
ಉಳಿದರ್ಧ ತೂಗಿದೆವು,
ತಕರಾರೂ ಅರ್ಧವಾಯಿತು.

ರಾತ್ರಿ ಕೂತೆ.
ಅನುಮಾನ ಬಂದ ಎರಡು ಚುಕ್ಕಿಗಳ ನಡುವೆ
ಇನ್ನೊಂದು ಚುಕ್ಕಿ ಇಳಿಸು. ಅದರ ನಡುವೆ ಮತ್ತೊಂದು.
ಹೆಜ್ಜೆ ಕಿರಿದಾದಂತೆ ಜಿಗಿತವೂ ಕುಗ್ಗಿದರೆ
ಅದು ಏರು. ಎಷ್ಟೇ ಕಡಿದಿರಲಿ, ಎಳೆ.
ಹತ್ತಿರ ಹೋದಷ್ಟೂ ಹಿಗ್ಗಿದರೆ
ಅಲ್ಲಿ ನಿಲ್ಲು. ಏನೂ ಬರೆಯಬೇಡ.

ಹನ್ನೊಂದು ಸಾಲಾಯಿತು. ಮೇಲೆ ಟಿಪ್ಪಣಿ ಬರೆದೆ:
“ಇದು ಯಾಕೆ ನಡೀತದೆ ಗೊತ್ತು. ಬೇಕಾದರೆ ಮುಟ್ಟಿ.”
ಫೋನಿನಲ್ಲಿ ಮೇಷ್ಟ್ರಿಗೆ ಒಂದೊಂದೇ ಸಾಲು ಓದಿದೆ.
ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:
“ಶಾಲೆಯ ಹಳೇ ಕಂಪ್ಯೂಟರ್‌ಗಳಲ್ಲಿ ನಿಧಾನ ಆಗಲ್ವೇನೋ?”
ಆಗುತ್ತದೆ, ಸ್ವಲ್ಪ.
“ಹಂಗಾದ್ರೆ ಇನ್ನೂ ಮುಗಿದಿಲ್ಲ” ಅಂದರು,
ದನಿಯಲ್ಲಿ ಏನೋ ಖುಷಿ.

ಮುಬೀನಾ ಈ ವಾರ ಫೋನು ಮಾಡಿಲ್ಲ.
ಸರಿಯಾಗಿರಬೇಕು,
ಇಲ್ಲಾ ಅವರೂರಲ್ಲಿ ಕರೆಂಟಿರಲಿಕ್ಕಿಲ್ಲ.
ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿದೆ.
ಬಂದೆ ಮಾರಾಯ,
ಸೊನ್ನೆಗೆ ಬರಲಿ, ತಡಿ.