ಕೊಟ್ಟಿರುವುದು

ಮೂರು ವರ್ಷ ಎಲ್ಲವನ್ನೂ ಕೊಟ್ಟೇ ಕಲಿಸಿದ್ದೆವು:
ತೊಲೆಯ ಉದ್ದ, ಮೇಲಿನ ಭಾರ, ಕಬ್ಬಿಣ ತಾಳುವ ಮಟ್ಟ.
ಕಂಡುಹಿಡಿಯಬೇಕಾದ್ದು ಒಂದೇ, ಅದರ ಉತ್ತರವೂ
ಪುಸ್ತಕದ ಕೊನೇ ಪುಟದಲ್ಲಿ ಬೆಚ್ಚಗೆ.

ಈ ಸೋಮವಾರ ಹಲಗೆಯ ಮೇಲೆ ಬರೆದೆ:
ಹಳ್ಳದಾಚೆ ಸಂತೆ. ಈಚೆ ಜನ.
ಅಷ್ಟೇ. ಸೀಮೆಸುಣ್ಣ ಕೆಳಗಿಟ್ಟೆ.

"ಹಳ್ಳದ ಅಗಲ ಎಷ್ಟು ಸಾರ್?" ಬೊವಾಡು ಕೇಳಿದ.
ಅಳೆದು ಬಾ.
"ಭಾರ?"
ನಿಂತು ಎಣಿಸು.
ಹಿಂದಿನ ಬೆಂಚು ಗೊಣಗಿತು: ಮುದುಕ ಪಾಠ ಓದಿಕೊಂಡು ಬಂದಿಲ್ಲ.
ನಿಜ ಹೇಳಬೇಕೆಂದರೆ, ಉತ್ತರ ನನಗೂ ಗೊತ್ತಿರಲಿಲ್ಲ.

ಕುಮಾಸಿಯ ಕೆಂಪು ಕೆಸರು ಬೂಟಿಗೆ ಮೆತ್ತಿಕೊಂಡು ಬಂದರು.
ಹದಿನಾಲ್ಕು ನಕ್ಷೆ, ಹದಿನಾಲ್ಕು ಸೇತುವೆ,
ಒಂದಕ್ಕಂತೂ ಕಮಾನು, ಮದುವೆಮನೆಗೆ ಕಟ್ಟಿದಂತೆ.

ಸೆರ್ವಾ ಮಾತ್ರ ಒಂದು ಬುಟ್ಟಿ ಬರೆದಿದ್ದಳು.
ಬಾಳೆಕಾಯಿ ಮಾರುವವಳ ತಲೆಮೇಲಿನದು,
ಅಂಚಿನಿಂದ ಅಂಚಿಗೆ ತೊಂಬತ್ತು ಸೆಂಟಿಮೀಟರು.
ಅಂಥ ಎರಡು ನಡುಸೇತುವೆಯಲ್ಲಿ ಎದುರಾದರೆ?
ಪಕ್ಕದಲ್ಲಿ ಪೆನ್ಸಿಲಿನಲ್ಲಿ:
ತಲೆಮೇಲೆ ಹೊರೆಯಿದ್ದವಳು ಪಾದ ನೋಡಿಕೊಳ್ಳಲಾರಳು.
ಮೆಟ್ಟಿಲು ಬೇಡ. ಇಳಿಜಾರು.
ತೊಲೆಯ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಇಲಾಖೆ ಕೊಟ್ಟ ಅಂಕಪಟ್ಟಿಯಲ್ಲಿ
ತೊಲೆಗೆ ನಲವತ್ತು, ತಳಪಾಯಕ್ಕೆ ಮೂವತ್ತು,
ನಕ್ಷೆಯ ಅಚ್ಚುಕಟ್ಟಿಗೆ ಮೂವತ್ತು.
ಬುಟ್ಟಿಗೆ ಮನೆಯಿಲ್ಲ.

ರಾತ್ರಿ ಕರೆಂಟು ಹೋಗಿತ್ತು.
ಟಾರ್ಚು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸ್ಕೇಲಿಟ್ಟು,
ಪಟ್ಟಿಯಲ್ಲಿ ಇನ್ನೊಂದು ಗೆರೆ ಎಳೆದೆ.
ಸೊಟ್ಟಗಾಯಿತು.
ಇರಲಿ, ಬಿಟ್ಟೆ.