ತುಟಿಪಿಟಕ್ಕೆನ್ನದೆ ಒಂದು ಗಂಟೆ

ತಾರ್ತುವಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಸಕ್ಕರೆ ಚುಚ್ಚುವುದು ನನ್ನ ಕೆಲಸ.
ವಿಕಿರಣ ಬೆರೆತ ಸಕ್ಕರೆ. ಹಸಿದ ಕಡೆಗೆ ಓಡುತ್ತದೆ,
ಹಸಿದದ್ದು ಪರದೆಯ ಮೇಲೆ ಹೊಳೆಯುತ್ತದೆ.
ಅಷ್ಟೇ ವಿದ್ಯೆ.

ಚುಚ್ಚಿದ ಮೇಲೆ ಒಂದು ಗಂಟೆ ಕತ್ತಲ ಕೋಣೆ, ಎರಡು ಕಂಬಳಿ.
ಓದಬೇಡಿ, ಏನನ್ನೂ ಜಗಿಯಬೇಡಿ,
ಮಾತಂತೂ ಬೇಡವೇ ಬೇಡ, ಎನ್ನುತ್ತೇನೆ
ದಿನಕ್ಕೆ ಒಂಬತ್ತು ಸಲ.
ದುಡಿದ ಸ್ನಾಯುವೂ ಹಸಿಯುತ್ತದೆ,
ರೋಗದ ವೇಷ ಹಾಕಿ ನಮ್ಮನ್ನು ಹೆದರಿಸುತ್ತದೆ.

ಬಾಯೊಳಗೆ ಏನೇನೋ ಕಂಡಿದ್ದೇನೆ.
ಚೂಯಿಂಗ್ ಗಮ್ ಬಚ್ಚಿಟ್ಟುಕೊಂಡು ಮಲಗಿದ್ದ ಲಾರಿ ಚಾಲಕ,
ಅವನ ಎರಡು ದವಡೆಯೂ ಲಾಂದ್ರದ ಹಾಗೆ ಉರಿದಿದ್ದವು.
ಹೋದ ವಾರ ಕಿತ್ತ ಹಲ್ಲಿನ ಗುಳಿ.
ಚಿನ್ನದ ಹಲ್ಲು, ಅದು ಸುತ್ತಲೂ ಚೆಲ್ಲುವ ಸುಳ್ಳು ಬೆಳಕು.

ಅಲ್ವೀನೆ ಕಾರೋ, ಎಂಬತ್ತೊಂದು.
ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಅನುಮಾನ.
ಆ ಕಾಳು ತಣ್ಣಗಿತ್ತು, ಒಳ್ಳೆಯ ಸುದ್ದಿ,
ಯಾರೂ ಅದರ ಕಡೆ ನೋಡಲಿಲ್ಲ.
ನಾಲಿಗೆ ಉರಿಯುತ್ತಿತ್ತು
ತುದಿಯಿಂದ ಬುಡದವರೆಗೆ,
ಕೆಳಗೆ ಧ್ವನಿಪೆಟ್ಟಿಗೆಯಲ್ಲಿ ಎರಡು ಕಿಡಿ.

ಡಾಕ್ಟರ್ ತಾವೆಟ್ ಕನ್ನಡಕ ಹಣೆಗೇರಿಸಿ
'ನಾಲಿಗೆಯಲ್ಲಿ ಏನೋ ಇದೆ' ಅಂದರು.
ಇದೆ ಎಂಬುದು ನನಗೂ ಕಾಣುತ್ತಿತ್ತು.

ಹೋಗಿ ಕೇಳಿದೆ: ಮಾತಾಡಿದಿರಾ?
ಯಾರ ಜೊತೆ, ಅಂದರು.
ನಲವತ್ತು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಯವಳು ನಾನು.
ಎಲುಬಿಲ್ಲದ ನಾಲಿಗೆಗಳು ಹೇಗೆ ಹೊರಳಿದರೆ ಹಾಗೆ
ಕೆಳಗೆ ಕೂತು ಬರೆದವಳು.
ಸುಮ್ಮನಿರುವುದನ್ನು ನೀನು ನನಗೆ ಕಲಿಸುತ್ತೀಯಾ ಮಗು?

ಆಮೇಲೆ ಬೂಟಿನ ದಾರ ಕಟ್ಟುತ್ತಾ, ತಲೆ ಎತ್ತದೆ,
ಮಾತಾಡಲಿಲ್ಲ, ಓದಿ ಹೇಳಿದೆ, ಅಂದರು.

ಹಳೆಯ ಸರ್ಕಾರದ ಕಾಲ. ಹಾಲಿನ ಕಾರ್ಖಾನೆಯ ಹುಡುಗ,
ಬೆಣ್ಣೆ ಕದ್ದನೆಂದು ಕೇಸು.
'ಹೊಡೆದರು, ಅದಕ್ಕೇ ಸಹಿ ಹಾಕಿದೆ' ಅಂದ.
ನ್ಯಾಯಾಧೀಶರು ನನ್ನತ್ತ ತಿರುಗಿ
ಅದು ಬೇಡ, ಅಂದರು.
ನಾನು ಪೆನ್ಸಿಲ್ ಎತ್ತಿದೆ.
ಎತ್ತಿದ್ದು ಅಷ್ಟೇ, ಒಂದು ಬೆರಳಗಲ.
ಅವನಿಗೆ ಆರು ವರ್ಷ.

ಹೆಸರು ಮರೆತಿದೆ. ಸಾಲು ಹೋಗಿಲ್ಲ.
ಕತ್ತಲು ಮಾಡಿದಿರಿ, ಅಲ್ಲಾಡಬೇಡ ಅಂದಿರಿ,
ಬೇರೆ ಏನು ನೆನಪಾಗಬೇಕಿತ್ತು?

ನೀರು ಚೆನ್ನಾಗಿ ಕುಡಿಯಿರಿ,
ಆರು ಗಂಟೆ ಎಳೆಮಕ್ಕಳ ಹತ್ತಿರ ಹೋಗಬೇಡಿ
ಎಂದು ಕಳಿಸಿಕೊಟ್ಟೆ.

ತಾವೆಟ್ ಹೇಳುತ್ತಾ ಹೋದರು, ನಾನು ಟೈಪು ಮಾಡಿದೆ:
ನಾಲಿಗೆ, ಗಂಟಲು: ಸಹಜ ಚಟುವಟಿಕೆ.
ರೋಗಿ ಮಾತಾಡಿರಬಹುದು.
ಏನು ಮಾತಾಡಿದರು ಎಂಬುದಕ್ಕೆ ಕಾಲಂ ಇಲ್ಲ.
ಬೆರಳು ಒಂದು ಕ್ಷಣ ಕೀಲಿಗಳ ಮೇಲೆ ನಿಂತಿತು.
ನಾನೂ ಬರೆಯಲಿಲ್ಲ.

ಸಂಜೆ ಬಸ್ಸು ಎಮಾಯಿಗಿಯ ಸೇತುವೆ ದಾಟುವಾಗ
ಕೆಳಗೆ ಮಂಜುಗಡ್ಡೆ ಬಿರಿದು ತೇಲುತ್ತಿತ್ತು.
ಪಕ್ಕದಲ್ಲಿದ್ದ ಹುಡುಗ ಕಿವಿಯಿಂದ ಹಾಡು ಕಿತ್ತು
ನನ್ನ ಕಡೆ ತಿರುಗಿದ:
ಏನಾದರೂ ಅಂದಿರಾ?