ಬೆನ್ನು ಕಂಡ ಊರು

ನನ್ನ ಹೆಸರು ಸಬಾಟಿನೋ. ಬಾರಿಯ ಕಡೆಯವನು.
ಇಲ್ಲಿ ಎಲ್ಲರಿಗೂ ಐಸಿನವನು, ಅಷ್ಟೇ.
ಏಳು ವರ್ಷ ಈ ಊರಿನ ಬೆನ್ನಿಗೆ
ಮಂಜುಗಡ್ಡೆ ಹೊತ್ತೆ.

ನ್ಯೂಜೆರ್ಸಿಯ ಪಾಲಕ್ ಹೊಲದಲ್ಲಿ ಹೊಸ ಊರು.
ಯಾರೋ ಬಲ್ಲವರು ಮೊದಲು ಕಾಗದದ ಮೇಲೆ ಕಟ್ಟಿ
ಆಮೇಲೆ ಇಟ್ಟಿಗೆ ತರಿಸಿದರಂತೆ.
ಕಾರು ಬಂದಿತ್ತು. ಬೀದಿಯಲ್ಲಿ ಆಡುವ ಮಕ್ಕಳು ಸಾಯುತ್ತಿದ್ದರು.
ಅದಕ್ಕೇ ಬೀದಿಗಳನ್ನು ಕುರುಡು ಮಾಡಿದ್ದಾರೆ:
ಒಳಗೆ ಹೋಗುತ್ತದೆ, ಹದಿನೆಂಟು ಮನೆ ಮುಟ್ಟುತ್ತದೆ,
ನಿಂತುಬಿಡುತ್ತದೆ, ಬಾಟಲಿಯ ತಳದ ಹಾಗೆ.
ನನ್ನ ಲಾರಿ ಪ್ರತಿ ಬೀದಿಯಿಂದಲೂ
ಹಿಂದೆ ಹಿಂದೆಯೇ ಹೊರಬರಬೇಕು.

ಮನೆಗಳೋ, ಮುನಿಸಿಕೊಂಡವರ ಹಾಗೆ
ಬೀದಿಗೆ ಬೆನ್ನು ಹಾಕಿ ಕೂತಿವೆ.
ನನಗೆ ಗೊತ್ತಿದ್ದದ್ದು ಕಸದ ಡಬ್ಬಿ, ಗ್ಯಾರೇಜು,
ಬಟ್ಟೆ ಒಣಗುವ ತಂತಿ, ಅಡುಗೆಮನೆ ಕಿಟಕಿಗೆ
ಸಿಕ್ಕಿಸಿದ ಕಾರ್ಡು: ಇಪ್ಪತ್ತೈದು ಪೌಂಡು, ಐವತ್ತು.
ಎಪ್ಪತ್ತೈದು ಅಂದರೆ ನೆಂಟರು ಬಂದಿದ್ದಾರೆ.
ಐಸಿನ ಪೆಟ್ಟಿಗೆ ಬಾಗಿಲ ಪಕ್ಕಕ್ಕೇ.
ಎರಡು ಹೆಜ್ಜೆ ಒಳಗೆ, ಎರಡು ಹೊರಗೆ.

ಒಂದು ಮಜ ಇತ್ತು.
ಬೇರೆ ಊರಲ್ಲಿ ನನ್ನಂಥವನಿಗೆ ಹಿತ್ತಲ ಬಾಗಿಲು,
ಪಾದ್ರಿಗೆ ಮುಂಬಾಗಿಲು.
ಇಲ್ಲಿ ಪಾದ್ರಿಯೂ ಕಾರಿಳಿದು
ಅಡುಗೆಮನೆಯಿಂದಲೇ ಬರಬೇಕು.
ಒಮ್ಮೆ ಶ್ರೀಮತಿ ಓಸ್‌ಟ್ರಾಂಡರ್ ಮನೆ ಮೆಟ್ಟಿಲಲ್ಲಿ
ಇಬ್ಬರೂ ಒಟ್ಟಿಗೇ ನಿಂತೆವು.
ನನ್ನ ಹೆಗಲಿನ ನೀರು ಅವರ ಬೂಟಿನ ಮೇಲೆ ತೊಟ್ಟಿಕ್ಕಿತು.
"ನೀವು ಮೊದಲು" ಅಂದರು. "ನಿಮ್ಮದು ಕರಗುತ್ತೆ."

ಈ ಮನೆಗಳಿಗೆ ಮುಖವೂ ಇದ್ದೀತೆಂದು
ನನಗೆ ಹೊಳೆದಿರಲೇ ಇಲ್ಲ.

ಆಗಸ್ಟ್ ತಿಂಗಳು. ಟೀಸ್‌ಡೇಲ್ ಮನೆಯ ಹುಡುಗಿಗೆ
ಜ್ವರ ನೂರನಾಲ್ಕು.
ಕಾರ್ಡು ನೋಡಲಿಲ್ಲ, ಕಾಲೊರೆಸಲಿಲ್ಲ,
ಗಡ್ಡೆಯನ್ನು ಉಳಿಯಿಂದ ಕುಟ್ಟಿ ಬೇಸಿನ್ನಿಗೆ ತುಂಬಿ
ಅಡುಗೆಮನೆ ದಾಟಿ, ಊಟದ ಮೇಜು ದಾಟಿ
ಅವಳನ್ನು ಮಲಗಿಸಿದ್ದ ಕೋಣೆಗೆ ಓಡಿದೆ.
ತಾಯಿ ಬಟ್ಟೆ ಅದ್ದಿ ಅದ್ದಿ ಹಣೆಗಿಟ್ಟಳು.
"ಗಾಳಿ ಬರಲಿ, ಆ ಬಾಗಿಲು ತೆಗಿ" ಅಂದಳು.
ತೆಗೆದೆ.

ರಸ್ತೆ ಇಲ್ಲ.
ಮೊಳಕಾಲೆತ್ತರದ ಗಿಡದ ಸಾಲು, ಕಾಲುದಾರಿ, ಹುಲ್ಲು,
ಹುಲ್ಲಿನಾಚೆ ಇನ್ನೊಂದು ಸಾಲು ಮನೆ,
ಅವೂ ಇತ್ತಲೇ ತಿರುಗಿ ಕೂತಿವೆ.
ಏಳು ವರ್ಷ ನಾನು ಬೆನ್ನು ತಟ್ಟಿದವೆಲ್ಲ
ಇಲ್ಲಿ ಎದುರುಬದುರಾಗಿ
ಬಿಳಿ ಬಣ್ಣದ ಜಗಲಿ ಚಾಚಿಕೊಂಡು ಹರಟುತ್ತಿವೆ.
ದೂರದಲ್ಲಿ ಒಂದು ಕಲ್ಲಿನ ಕಮಾನು.
ಅದರಡಿಯಿಂದ ಮಕ್ಕಳು ಕೂಗುತ್ತ ಬಂದರು,
ತಮ್ಮ ಕೂಗು ತಮಗೇ ಮರಳುವುದನ್ನು ಕೇಳಿ ನಗುತ್ತ.
ಆ ಕಮಾನಿನ ಮೇಲೆ ದಿನಾ ಲಾರಿ ಓಡಿಸಿದ್ದೇನೆ ನಾನು.
ಕೆಳಗೊಂದು ದಾರಿ ಇದೆಯೆಂದು
ಲಾರಿಗೆ ಹೇಗೆ ಗೊತ್ತಾಗಬೇಕು?

ಎಷ್ಟು ಹೊತ್ತು ನಿಂತೆನೋ.
ಹಿಂದೆ ಬೀದಿಯಲ್ಲಿ ಆರುನೂರು ಪೌಂಡು ನೀರಾಗುತ್ತಿತ್ತು.
ಚೆಂದ ಇತ್ತು. ಸಿಟ್ಟೂ ಬಂತು.
ಯಾವುದು ಮೊದಲು ಎಂದು ಇವತ್ತಿಗೂ ಹೇಳಲಾರೆ.
ಮನೆ ಕೇಳಲು ಹೋದ ನನ್ನ ಭಾವ ವೀಟೋನಿಗೆ
ಆಫೀಸಿನವ ನಯವಾಗಿ ಹೇಳಿದ್ದ, ಎಲ್ಲ ಭರ್ತಿ.
ಅದೇ ವಾರ ಮೂರು ಕಿಟಕಿಗಳಲ್ಲಿ
ಹೊಸ ಕಾರ್ಡು ಬಂದಿದ್ದವು.

ಹುಡುಗಿ ಬದುಕಿದಳು.
ಕಟ್ಟಿಸುತ್ತಿದ್ದ ಕಂಪನಿ ಬದುಕಲಿಲ್ಲ.
ನಕ್ಷೆಯಲ್ಲಿದ್ದ ಉಳಿದ ಊರು
ಪಾಲಕ್ ಆಗಿಯೇ ಉಳಿಯಿತು.
ಒಂದೊಂದೇ ಮನೆಗೆ ಫ್ರಿಜ್ಜು ಬಂತು,
ಅದೂ ಅಡುಗೆಮನೆ ಬಾಗಿಲಿನಿಂದಲೇ.

ಕೊನೆಯ ಸುತ್ತಿನ ದಿನ
ಲಾರಿಯನ್ನು ಸೇತುವೆಯ ಮೇಲೆ ನಿಲ್ಲಿಸಿ
ಕೆಳಗಿಳಿದು ಹೋದೆ.
ಯಾರೂ ಇರಲಿಲ್ಲ. ಶಾಲೆಯ ಹೊತ್ತು.
ಕಮಾನಿನಡಿ ನಿಂತು ನನ್ನ ಹೆಸರು ಕೂಗಿದೆ.
ಪೂರ್ತಿ ಬರಲಿಲ್ಲ. ಬಾಲ ಮಾತ್ರ ಬಂತು:
ಟಿನೋ... ಟಿನೋ...
ಮನೆಯಲ್ಲಿ ಅಮ್ಮ ಕರೆಯುತ್ತಿದ್ದುದೂ ಹಾಗೇ.